ಕುಜಲೋಕದ ಅಳಿಯ

ಏಕಾಂತಯ್ಯ ಆರಡಿ ನಾಲ್ಕಂಗುಲ ಎತ್ತರವಿದ್ದ. ರಾಜಾಜಿನಗರದಲ್ಲಿ ಅವನೂ ಅವನ ಅಕ್ಕ ಗಿರಿಜಾದೇವಿಯೂ ಬಾಡಿಗೆಗಿದ್ದ ವಠಾರದ ಮನೆಯ ಬಾಗಿಲು ಆರಡಿಯೂ ಇರಲಿಲ್ಲ. ಮನೆಯೊಳಗೆ ಹೋಗುವಾಗ, ಬಸ್ಸು ಹತ್ತುವಾಗ, ಕಾರ್ಖಾನೆಯ ಗೇಟಿನ ಚಿಕ್ಕ ಬಾಗಿಲು ದಾಟುವಾಗ ಬಗ್ಗಿ ಬಗ್ಗಿ ಅವನ ಕುತ್ತಿಗೆ ಮುಂದಕ್ಕೆ ಬಾಗಿಯೇ ನಿಂತಿತ್ತು. ಔಷಧಿ ಬಾಟಲಿ ಮಾಡುವ ಕಾರ್ಖಾನೆಯಲ್ಲಿ ಪೆಟ್ಟಿಗೆ ಜೋಡಿಸುವ ಕೆಲಸ. ಜೊತೆಯವರು ಅವನನ್ನು ಲೈಟ್ ಕಂಬ ಎನ್ನುತ್ತಿದ್ದರು. ಅವನು ನಕ್ಕು ಸುಮ್ಮನಾಗುತ್ತಿದ್ದ.

ದಾವಣಗೆರೆ ಕಡೆಯವರು ಅವರು. ಇಪ್ಪತ್ನಾಲ್ಕಕ್ಕೇ ಗಂಡನನ್ನು ಕಳೆದುಕೊಂಡ ಗಿರಿಜಾದೇವಿ, ತಂದೆತಾಯಿಯಿಲ್ಲದ ತಮ್ಮನನ್ನು ಕಟ್ಟಿಕೊಂಡು ಬೆಂಗಳೂರಿಗೆ ಬಂದು ಹೊಲಿಗೆ ಕಲಿತಿದ್ದಳು. ಈಗ ಅವಳಿಗೆ ಮೂವತ್ತೆಂಟು, ಅವನಿಗೆ ಇಪ್ಪತ್ತೆಂಟು. ತಮ್ಮನಿಗೆ ಮೂರು ಕಡೆ ಹೆಣ್ಣು ನೋಡಿದ್ದಾಗಿತ್ತು. ಮೂರನೆಯ ಮನೆಯಲ್ಲಿ ಅವನು ಜಮಖಾನದ ಮೇಲಿಂದ ಎದ್ದು ನಿಂತ ಕೂಡಲೇ ಹುಡುಗಿ ತಡೆಯಲಾರದೆ ಕಿಸಕ್ಕನೆ ನಕ್ಕುಬಿಟ್ಟಳು. ನಗಬಾರದೆಂದು ಸೆರಗು ಬಾಯಿಗೊತ್ತಿಕೊಂಡಳು. ಅದು ಇನ್ನೂ ಕೆಟ್ಟದಾಗಿ ಕಂಡಿತು. ಬಸ್ಸಿನಲ್ಲಿ ವಾಪಸು ಬರುವಾಗ ಏಕಾಂತಯ್ಯ, "ಉಪ್ಪಿಟ್ಟು ಚೆನ್ನಾಗಿತ್ತಲ್ವಾ ಅಕ್ಕ?" ಎಂದಷ್ಟೇ ಹೇಳಿದ.

ಎಪ್ಪತ್ನಾಲ್ಕರ ಮಾರ್ಚಿನಲ್ಲಿ ಒಂದು ಭಾನುವಾರ ಅವನು ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ, ದಪ್ಪ ಕನ್ನಡಕದ ಒಬ್ಬ ಮನುಷ್ಯ ಎರಡು ಸಲ ಅವನ ಸುತ್ತ ತಿರುಗಿ ಮಾತಾಡಿಸಿದ.

"ಸಾರ್, ಒಂದ್ನಿಮಿಷ. ನೀವು ಪಿಕ್ಚರ್‌ನಲ್ಲಿ ಆಕ್ಟ್ ಮಾಡ್ತೀರಾ?"

"ನಾನಾ? ನನಗೇನೂ ಬರಲ್ಲ ಸಾರ್."

"ಬರೋದು ಬೇಡ. ಮುಖ ಕಾಣಲ್ಲ, ಮಾತಿಲ್ಲ. ಈ ಎತ್ತರ ಇದೆಯಲ್ಲ, ಅಷ್ಟು ಸಾಕು."

ಅವನ ಹೆಸರು ವೆಂಕಟಗಿರಿ. ಹನ್ನೆರಡು ವರ್ಷ ಬೇರೆ ಬೇರೆ ನಿರ್ದೇಶಕರ ಕೈಕೆಳಗೆ ದುಡಿದು, ಈಗ ಸ್ವಂತವಾಗಿ ಮೊದಲ ಚಿತ್ರ ಮಾಡಲು ಹೊರಟಿದ್ದ. ಅದೇ ಸಂಜೆ ವಠಾರಕ್ಕೆ ಬಂದು, ಗಿರಿಜಾದೇವಿ ಕೊಟ್ಟ ಕಾಫಿಯನ್ನು ಆರಲು ಬಿಟ್ಟು, ಎಲ್ಲ ಪಾತ್ರವನ್ನೂ ತಾನೇ ಅಭಿನಯಿಸಿ ಕಥೆ ಹೇಳಿದ. ಚಿತ್ರದ ಹೆಸರು 'ಕುಜಲೋಕದ ಅಳಿಯ'. ಒಂದು ಹಳ್ಳಿಯಲ್ಲಿ ಒಬ್ಬಳು ಹುಡುಗಿ. ಜಾತಕದಲ್ಲಿ ಕುಜ ದೋಷ. ಯಾರೂ ಮದುವೆಯಾಗುತ್ತಿಲ್ಲ. ಅಪ್ಪ ಬೇಸತ್ತು, ಹೊಲದಲ್ಲಿ ನಿಂತು ಆಕಾಶ ನೋಡಿ, "ಕುಜಾ, ನಿನ್ನಿಂದ ಕೆಟ್ಟಿತಲ್ಲೋ ನನ್ನ ಮಗಳ ಬಾಳು, ನೀನೇ ಬಂದು ಕಟ್ಟಿಕೋ" ಎಂದು ಕೂಗುತ್ತಾನೆ. ಮರುದಿನ ಬೆಳಿಗ್ಗೆ ಹಾರುವ ತಟ್ಟೆಯೊಂದು ಹೊಲದಲ್ಲಿಳಿಯುತ್ತದೆ. ಒಳಗಿನಿಂದ ಕುಜಲೋಕದವನು ಬರುತ್ತಾನೆ, ಹೆಣ್ಣು ನೋಡಲು.

ಗಿರಿಜಾದೇವಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಅವಳು ಹಾಗೆ ನಕ್ಕು ಎಷ್ಟು ವರ್ಷವಾಗಿತ್ತೋ. ತಮ್ಮನ ಕಡೆ ನೋಡಿದರೆ ಅವನು ನಗುತ್ತಿರಲಿಲ್ಲ. ಮಗುವಿನ ಹಾಗೆ ಬಾಯಿ ತೆರೆದುಕೊಂಡು ಕೇಳುತ್ತಿದ್ದ.

"ಆಮೇಲೆ? ಹುಡುಗಿ ಒಪ್ಕೋತಾಳಾ?" ಎಂದು ಕೇಳಿದ.

"ಒಪ್ಕೋತಾಳೆ ಕಣ್ರೀ! ಹಾರ ಹಾಕ್ತಾಳೆ. ಅದೇ ಕ್ಲೈಮ್ಯಾಕ್ಸು!"

ಏಕಾಂತಯ್ಯ ಕಾರ್ಖಾನೆಗೆ ಒಂದು ತಿಂಗಳ ರಜೆ ಹಾಕಿದ. ಉಡುಪು ಹೊಲಿಯುವ ಕೆಲಸ ಗಿರಿಜಾದೇವಿಗೇ ಬಂತು. ಗುಜರಿಯಿಂದ ತಂದ ಬಸ್ ಸೀಟಿನ ರೆಕ್ಸಿನ್ನು, ಹಳೇ ಹಾಸಿಗೆಯಿಂದ ತೆಗೆದ ತೆಂಗಿನ ನಾರು, ಕೊಡೆ ಕಡ್ಡಿಯ ಎರಡು ಕೊಂಬು, ಅದರ ತುದಿಗೆ ಪಿಂಗ್‌ಪಾಂಗ್ ಚೆಂಡು. ಕಣ್ಣಿನ ಜಾಗಕ್ಕೆ ಟೀ ಸೋಸುವ ಎರಡು ಜಾಲರಿ. ಒಳಗಿದ್ದವನಿಗೆ ಅದರಿಂದಲೇ ಗಾಳಿ, ಅದರಿಂದಲೇ ಬೆಳಕು. ಮೊದಲ ಸಲ ತೊಡಿಸಿ ಅಂಗಳಕ್ಕೆ ಕರೆತಂದಾಗ ವಠಾರದ ಹೆಂಗಸರೆಲ್ಲ ಬಟ್ಟೆ ಒಗೆಯುವುದು ಬಿಟ್ಟು ಸೇರಿದರು. ಪಕ್ಕದ ಮನೆಯ ಶಿವಕ್ಕ, "ಅಯ್ಯೋ ನಮ್ಮಪ್ಪಾ, ಬೆದರಿದ ಕರಡಿ ಇದ್ದಂಗಿದೆ!" ಎಂದು ಹೊಟ್ಟೆ ಹಿಡಿದುಕೊಂಡಳು. ಆಗ ಏಕಾಂತಯ್ಯ ಎರಡೂ ಕೈ ಸೊಂಟದ ಮೇಲಿಟ್ಟು, ಸೀರೆ ಉಟ್ಟವಳ ಹಾಗೆ ಬಳುಕಿ ನಾಲ್ಕು ಹೆಜ್ಜೆ ನಡೆದ. ನಗು ಇಮ್ಮಡಿಯಾಯಿತು. ಗಿರಿಜಾದೇವಿ ಕಂಡಳು: ಬಾಗಿದ ಆ ಕುತ್ತಿಗೆ ರೆಕ್ಸಿನ್ನಿನ ಒಳಗೆ ನೆಟ್ಟಗಾಗಿತ್ತು.

ಕೆಂಗೇರಿಯಾಚೆಯ ಒಂದು ಕಲ್ಲಿನ ಕ್ವಾರಿ ಕುಜಲೋಕವಾಯಿತು. ಮದುವೆ ಮನೆಯ ಎರಡು ದೊಡ್ಡ ಹರಿವಾಣಗಳನ್ನು ಬಾಯಿಗೆ ಬಾಯಿ ಸೇರಿಸಿ ಬೆಸೆದು ಹಾರುವ ತಟ್ಟೆ ಮಾಡಿದರು. ಅದು ದೂರದಿಂದ ಹಾರಿಬರುವುದಕ್ಕೆ. ಇಳಿದ ಮೇಲೆ ತೋರಿಸುವುದಕ್ಕೆ ತಗಡು ಬಡಿದು ಗುಡಿಸಿಲಿನಷ್ಟು ದೊಡ್ಡದೊಂದನ್ನು ಕಟ್ಟಿದರು. ಹುಡುಗಿಯ ಪಾತ್ರಕ್ಕೆ ಕೋಕಿಲಾ ಎಂಬ ನಾಟಕದ ಕಲಾವಿದೆ, ಅಪ್ಪನ ಪಾತ್ರಕ್ಕೆ ಗೋಪೀನಾಥ ಎಂಬ ಹಾಸ್ಯನಟ.

ಗಿರಿಜಾದೇವಿ ಉಡುಪಿನ ಬೆನ್ನಿಗೆ ಹುಕ್ಕು ಇಟ್ಟಿದ್ದಳು. ಮೊದಲ ದಿನವೇ ವೆಂಕಟಗಿರಿ ತಲೆ ಕೆರೆದುಕೊಂಡ.

"ಹುಕ್ಕು ಕಾಣ್ಸತ್ತಮ್ಮಾ. ಬೇರೆ ಲೋಕದೋನು ಬ್ಲೌಸ್ ಹುಕ್ಕು ಹಾಕ್ಕೊಂಡು ಬಂದ್ನಾ ಅಂತಾರೆ ಜನ. ಹೊಲಿದುಬಿಡಕ್ಕಾಗತ್ತಾ?"

ಹಾಗೆ ಶುರುವಾಯಿತು. ದಿನಾ ಬೆಳಿಗ್ಗೆ ತಮ್ಮನನ್ನು ಉಡುಪಿನೊಳಗೆ ಹಾಕಿ ಗೋಣಿಸೂಜಿಯಲ್ಲಿ ಬೆನ್ನಿನಿಂದ ಕುತ್ತಿಗೆಯವರೆಗೆ ಹೊಲಿಯುವಳು. ಊಟಕ್ಕೊಮ್ಮೆ, ಸಂಜೆಗೊಮ್ಮೆ ಕತ್ತರಿಯಿಂದ ಬಿಚ್ಚುವಳು. ಇಡೀ ದಿನ ಕತ್ತರಿ ಮಡಿಲಲ್ಲಿಟ್ಟುಕೊಂಡು ಬಂಡೆಯ ನೆರಳಲ್ಲಿ ಕೂತಿರುವಳು. ಒಳಗಿನಿಂದ ಕೂಗಿದರೆ ಹೊರಗೆ ಕೇಳಿಸದು. ಅದಕ್ಕೆ ಒಂದು ಮಾತಾಗಿತ್ತು: ಏಕಾಂತಯ್ಯ ಎರಡೂ ಕೈ ತಲೆಯ ಮೇಲಕ್ಕೆ ಎತ್ತಿದರೆ ಕ್ಯಾಮೆರಾ ನಿಲ್ಲಿಸಬೇಕು, ಉಡುಪು ಬಿಚ್ಚಬೇಕು. ಇಪ್ಪತ್ತು ದಿನದಲ್ಲಿ ಎರಡು ಸಲ ಎತ್ತಿದ್ದ. ಎರಡು ಸಲವೂ ತಕ್ಷಣ ನಿಲ್ಲಿಸಿದ್ದರು.

ಕೊನೆಯ ದಿನ ಮೇ ತಿಂಗಳ ಇಪ್ಪತ್ತೊಂಬತ್ತು. ಹಿಂದಿನ ದಿನ ಅವನು ಬಗ್ಗಿದಾಗ ಕುತ್ತಿಗೆಯ ಹೊಲಿಗೆ ಕಿತ್ತು ಒಂದು ಶಾಟ್ ಹಾಳಾಗಿತ್ತು. ಆ ದಿನ ಗಿರಿಜಾದೇವಿ ಚಪ್ಪಲಿ ಹೊಲಿಯುವ ಮೇಣದ ದಾರ ತಂದು ಎರಡು ಸುತ್ತು ಹೊಲಿದಳು. ಸ್ಕೂಲು ತೆರೆಯುವ ಹೊತ್ತು, ಯೂನಿಫಾರಂ ಕೊಡುವುದಿತ್ತು. ಹತ್ತು ಗಂಟೆಗೆ ಹೊರಟಳು.

"ಒಂದೇ ಶಾಟ್ ಅಮ್ಮಾ. ಊಟಕ್ಕೆ ಮುಂಚೆ ಮುಗ್ಸಿಬಿಡ್ತೀವಿ, ನಾವೇ ಬಿಚ್ತೀವಿ" ಎಂದ ವೆಂಕಟಗಿರಿ.

ಅವಳು ಬಸ್ಸಿನಲ್ಲಿ ಕೂತು ಟಿಕೆಟ್ಟಿಗೆಂದು ಚೀಲಕ್ಕೆ ಕೈ ಹಾಕಿದಾಗ ಕತ್ತರಿ ಕೈಗೆ ತಗುಲಿತು. ಇಳಿದು ವಾಪಸು ಹೋಗಲೇ ಎಂದು ಒಂದು ಕ್ಷಣ ಯೋಚಿಸಿದಳು. ಅಷ್ಟು ಜನರಿದ್ದಾರೆ, ಒಂದು ಬ್ಲೇಡು ಸಿಗದೆ ಇರುತ್ತದೆಯೇ ಎಂದುಕೊಂಡು ಕೂತೇ ಇದ್ದಳು.

ಆ ಶಾಟ್ ಹೀಗಿತ್ತು. ಮದುವೆಯ ಖರ್ಚು, ನೆಂಟರು, ಶಾಸ್ತ್ರ ಎಲ್ಲ ನೋಡಿ ಬೆದರಿದ ಕುಜಲೋಕದವನು ತನ್ನ ತಟ್ಟೆ ಹತ್ತಿ ಓಡಿಹೋಗಲು ನೋಡುತ್ತಾನೆ. ತಟ್ಟೆ ಹೊಗೆಯುಗುಳಿ ಕೆಟ್ಟು ನಿಲ್ಲುತ್ತದೆ. ಅವನು ಗಂಭೀರವಾಗಿ ಹೊರಗೆ ಬಂದು ಮಾವನ ಮುಂದೆ ನಿಲ್ಲಬೇಕು. ಹೊಗೆಗೆಂದು ತಗಡಿನ ಹಿಂದೆ ಒದ್ದೆ ಹುಲ್ಲು, ಹಳೇ ಟೈರಿನ ಚೂರು ಸುಟ್ಟರು. ಗಾಳಿ ತಿರುಗಿತು. ಹೊಗೆಯೆಲ್ಲ ಒಳಗೇ ತುಂಬಿತು. ಅವನು ತೂರಾಡುತ್ತ ಹೊರಗೆ ಬಂದಾಗಲೇ ಸುತ್ತ ನಿಂತವರು ನಗತೊಡಗಿದರು. ಅವನು ಕುತ್ತಿಗೆ ಹಿಡಿದುಕೊಂಡ, ಒಂದು ಸುತ್ತು ತಿರುಗಿದ, ಮುಗ್ಗರಿಸಿ ಬಿದ್ದ. ಗೋಪೀನಾಥ ಅದನ್ನು ಅಭಿನಯವೆಂದೇ ಎಣಿಸಿದ. ತಾನೂ ಏನಾದರೂ ಮಾಡಬೇಕಲ್ಲ ಎಂದು ಓಡಿಬಂದು, "ಎಲ್ಲಿಗೋ ಓಡ್ತೀಯಾ ಅಳಿಯಾ!" ಎಂದು ಅವನ ಬೆನ್ನ ಮೇಲೆ ಕೂತುಬಿಟ್ಟ. ನಗು ಇನ್ನೂ ಜೋರಾಯಿತು. ಕ್ಯಾಮೆರಾ ಓಡುತ್ತಲೇ ಇತ್ತು. ಕಟ್ ಎಂದ ಮೇಲೂ ಅವನು ಏಳಲಿಲ್ಲ.

ರೆಕ್ಸಿನ್ನು ಹರಿಯಲಿಲ್ಲ. ಮೇಣದ ದಾರ ಹಲ್ಲಿಗೂ ಬಗ್ಗಲಿಲ್ಲ. ಮೇಕಪ್ಪಿನವನು ದೂರದ ವ್ಯಾನಿನಿಂದ ಕ್ಷೌರದ ಕತ್ತಿ ತರುವ ಹೊತ್ತಿಗೆ ಐದಾರು ನಿಮಿಷ ಕಳೆದಿತ್ತು.

ಆಸ್ಪತ್ರೆಯಲ್ಲಿ ಹದಿನೇಳು ದಿನ. ಜೀವ ಉಳಿಯಿತು, ಗಂಟಲು ಹೋಯಿತು. ಅಲ್ಲಿಂದ ಮುಂದೆ ಏಕಾಂತಯ್ಯನ ಮಾತು ಒಣಗಿದ ಎಲೆ ಸವರಿದ ಹಾಗೆ ಕೇಳಿಸುತ್ತಿತ್ತು. ನೂರು ಹೆಜ್ಜೆ ನಡೆದರೆ ನಿಂತು ಉಸಿರೆಳೆದುಕೊಳ್ಳಬೇಕು. ಕುತ್ತಿಗೆಯ ಮೇಲೆ ಕತ್ತಿ ತಗುಲಿದ ಉದ್ದನೆಯ ಗಾಯದ ಗುರುತು. ಕಾರ್ಖಾನೆಯವರು ಕೂತು ಲೇಬಲ್ ಅಂಟಿಸುವ ಕೆಲಸಕ್ಕೆ ಹಾಕಿದರು. ವೆಂಕಟಗಿರಿ ಆಸ್ಪತ್ರೆಗೆ ಮೂರು ಸಲ ಬಂದ. ಕೊನೆಯ ಸಲ ವರಾಂಡದಲ್ಲಿ ಗಿರಿಜಾದೇವಿಯ ಮುಂದೆ ಅತ್ತ.

"ಆ ಶಾಟ್ ಹಾಕಲ್ಲ ಅಮ್ಮಾ. ನನ್ನ ಮಕ್ಕಳಾಣೆ ಹಾಕಲ್ಲ."

 ಅವಳು ಅವನನ್ನು ಬೈಯಬೇಕೆಂದು ಬಾಯಿ ತೆರೆದರೆ ಬೆರಳಿನಲ್ಲಿ ಮೇಣದ ದಾರದ ಅಂಟು ನೆನಪಾಗುತ್ತಿತ್ತು.

ಚಿತ್ರ ಮುಂದಿನ ವರ್ಷದ ಜನವರಿಯಲ್ಲಿ ಬಿಡುಗಡೆಯಾಯಿತು. ದೊಡ್ಡ ಥಿಯೇಟರಿನಲ್ಲಿ ಒಂದು ವಾರವೂ ನಿಲ್ಲಲಿಲ್ಲ. ಫೆಬ್ರವರಿಯಲ್ಲಿ ವಿಜಯನಗರದ ಪಕ್ಕದ ಮುನಿಯಣ್ಣನ ಟೆಂಟಿಗೆ ಬಂತು. ಮುನಿಯಣ್ಣ ಅಲ್ಲಿನ ಹಳೇ ಊರಿನವನು. ರಾಗಿ ಬೆಳೆಯುತ್ತಿದ್ದ ತನ್ನ ಹೊಲದಲ್ಲೇ ಟೆಂಟು ಹಾಕಿದ್ದ. ಅಲ್ಲಿ ಚಿತ್ರ ಎರಡನೇ ವಾರಕ್ಕೆ ಹೋಯಿತು, ಮೂರನೇ ವಾರಕ್ಕೂ ಹೋಯಿತು.

ಗಿರಿಜಾದೇವಿಗೆ ನೋಡುವ ಮನಸ್ಸಿರಲಿಲ್ಲ. ಶಿವಕ್ಕನೇ ಬಿಡದೆ ಎಳೆದುಕೊಂಡು ಹೋದಳು. "ನೀನು ಹೊಲ್ದಿದ್ದು ಕಣೇ, ನೀನೇ ನೋಡಲ್ಲ ಅಂದ್ರೆ?" ಏಕಾಂತಯ್ಯ ಆ ದಿನ ಕಾರ್ಖಾನೆಯಲ್ಲಿ ತಡವಾಗುತ್ತದೆಂದು ಹೇಳಿದ್ದ. ಸಂಜೆಯ ಆಟಕ್ಕೆ ಇಬ್ಬರೂ ಹೋಗಿ ಹೆಂಗಸರ ಕಡೆ, ಮರಳಿನ ಮೇಲೆ ಸೆರಗು ಹಾಸಿ ಕೂತರು.

ದೀಪ ಆರಿದ ಹತ್ತು ನಿಮಿಷಕ್ಕೆ ಗಿರಿಜಾದೇವಿ ಎಲ್ಲ ಮರೆತು ನಗತೊಡಗಿದಳು. ಹರಿವಾಣದ ತಟ್ಟೆ ಆಕಾಶದಲ್ಲಿ ಓಲಾಡುತ್ತ ಬಂತು. ಕಟ್ಟಿದ ದಾರ ಎಲ್ಲರಿಗೂ ಕಾಣುತ್ತಿತ್ತು. "ದಾರ ಬಿಗಿಯಾಗಿ ಹಿಡ್ಕೊಳ್ರೋ, ಬಿದ್ದೋಗತ್ತೆ!" ಎಂದು ಗಂಡಸರ ಕಡೆಯಿಂದ ಯಾರೋ ಕೂಗಿದರು. ಕುಜಲೋಕದ ಬಂಡೆಗಳ ಹಿಂದೆ ಒಂದು ಎಮ್ಮೆ ಮೇಯುತ್ತ ನಿಂತಿತ್ತು. ಯಾರೂ ಅದನ್ನು ತಪ್ಪೆಂದು ಎಣಿಸಲಿಲ್ಲ. "ಅಲ್ಲೂ ಹಾಲಿಗೆ ಪರದಾಟ ಇಲ್ಲ ಬಿಡು" ಎಂದಳು ಮುಂದೆ ಕೂತಿದ್ದ ಒಬ್ಬ ಮುದುಕಿ. ಕುಜಲೋಕದವನು ರಾಗಿಮುದ್ದೆಯನ್ನು ಕಿವಿಗೆ ಹಚ್ಚಿಕೊಂಡು ಅದರೊಡನೆ ಮಾತಾಡಿದ. ಹುಡುಗಿಯ ಜಾತಕ ಐದನೇ ಸಲ ವಾಪಸು ಬಂದಾಗ ಹೆಂಗಸರ ಕಡೆ ಮೂಗು ಸೀಟುವ ಸದ್ದೂ ಕೇಳಿಸಿತು. ದುಬಾರಿಯಾದುದೊಂದೂ ಆ ಚಿತ್ರದಲ್ಲಿರಲಿಲ್ಲ. ಇದ್ದುದೆಲ್ಲ ಅಲ್ಲಿ ಕೂತವರ ಮನೆಯಲ್ಲಿರುವ ಸಾಮಾನೇ. ಅದಕ್ಕೇ ಜನ ಅದನ್ನು ತಮ್ಮದೆನ್ನುವ ಹಾಗೆ ನೋಡುತ್ತಿದ್ದರು, ತಪ್ಪು ಕಂಡಷ್ಟೂ ಪ್ರೀತಿಸುತ್ತಿದ್ದರು. ತನ್ನ ತಮ್ಮ ಇಷ್ಟು ಚೆನ್ನಾಗಿ ಮಾಡಿದ್ದಾನೆಂದು ಗಿರಿಜಾದೇವಿಗೆ ಗೊತ್ತೇ ಇರಲಿಲ್ಲ. ಮುಖವಿಲ್ಲ, ಮಾತಿಲ್ಲ, ಆದರೂ ಆ ರೆಕ್ಸಿನ್ ಮೂಟೆ ನಾಚುವುದು, ಬೆದರುವುದು, ಆಸೆಪಡುವುದು ಎಲ್ಲ ತಿಳಿಯುತ್ತಿತ್ತು.

ಆಮೇಲೆ ಪರದೆಯ ಮೇಲೆ ಹೊಗೆ ಬಂತು.

ಹೊಗೆಯೊಳಗಿನಿಂದ ತೂರಾಡಿ ಬಂದವನನ್ನು ಕಂಡು ಟೆಂಟಿಗೆ ಟೆಂಟೇ ಬಿದ್ದು ಬಿದ್ದು ನಕ್ಕಿತು. ಕೈ ಕುತ್ತಿಗೆಗೆ ಹೋಯಿತು. ಎಲ್ಲಿಗೆ ಹೋಯಿತೆಂದು ಅವಳಿಗೊಬ್ಬಳಿಗೆ ಗೊತ್ತಿತ್ತು: ಎರಡು ಸುತ್ತು ಹೊಲಿಗೆಯ ಜಾಗಕ್ಕೆ. ಬಿದ್ದ. ಗೋಪೀನಾಥ ಬೆನ್ನೇರಿ ಕೂತ. ಶಿವಕ್ಕ ನಗುತ್ತ ಗಿರಿಜಾದೇವಿಯ ತೋಳಿಗೆ ಹೊಡೆದಳು. ಮರುಗಳಿಗೆಯಲ್ಲೇ ಅವಳ ಮುಖ ನೋಡಿ ಗಪ್ಪನೆ ಬಾಯಿ ಮುಚ್ಚಿದಳು.

ಗಿರಿಜಾದೇವಿ ಎದ್ದು, ಕೂತವರನ್ನು ತುಳಿದುಕೊಂಡೇ ಹೊರಗೆ ಬಂದಳು. ಟೆಂಟಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಮುನಿಯಣ್ಣ ಕೂತಿದ್ದ.

"ನಿಲ್ಸಿ ಅದನ್ನ" ಎಂದಳು.

"ಏನ್ ತಾಯಿ? ಏನಾಯ್ತು?"

"ಅಲ್ಲಿ ಬಿದ್ದಿರೋನು ನನ್ನ ತಮ್ಮ. ಅದು ಆಕ್ಟಿಂಗ್ ಅಲ್ಲ ಅಣ್ಣ. ಉಸಿರು ಕಟ್ಟಿ ಬಿದ್ದಿರೋದು. ಸಾಯ್ತಾ ಇರೋದು. ಅದನ್ನ ನೋಡಿ ನಗ್ತಾ ಇದಾರೆ ಎಲ್ರೂ."

ಮುನಿಯಣ್ಣನಿಗೆ ಮೊದಲು ಅರ್ಥವಾಗಲಿಲ್ಲ. ಸ್ಟೂಲು ಬಿಟ್ಟುಕೊಟ್ಟು, ನೀರು ತರಿಸಿ, ಎಲ್ಲ ಕೇಳಿದ. ಕೇಳಿದ ಮೇಲೆ ತಲೆಯ ಟವೆಲ್ಲು ತೆಗೆದು ಕೈಯಲ್ಲಿ ಸುತ್ತುತ್ತ ನಿಂತ.

"ನಾನೂ ನಕ್ಕಿದೀನಿ ತಾಯಿ. ದಿನಾ ಒಳಗೆ ಹೋಗಿ ಅದೊಂದು ನೋಡ್ಕೊಂಡ್ ಬರ್ತಿದ್ದೆ" ಎಂದ. "ನಾಳೆಯಿಂದ ಇರಲ್ಲ ಬಿಡಿ."

ಮಾತಿನಂತೆ ನಡೆದುಕೊಂಡ. ಮರುದಿನ ಮಧ್ಯಾಹ್ನ ಅವಳು ಹೋದಾಗ ಆಪರೇಟರು ಅಷ್ಟು ಫಿಲಂ ಕತ್ತರಿಸಿ, ಸುರುಳಿ ಸುತ್ತಿ, ಪೇಪರಿನಲ್ಲಿ ಕಟ್ಟಿಟ್ಟಿದ್ದ. "ಎಸೆಯಕ್ಕೆ ಮನಸ್ಸು ಬರಲಿಲ್ಲ. ನಿಮ್ದು ನಿಮ್ಮ ಹತ್ರನೇ ಇರ್ಲಿ" ಎಂದು ಮುನಿಯಣ್ಣ ಅವಳ ಕೈಗಿಟ್ಟ.

ಮನೆಗೆ ಬಂದು ಬಾಗಿಲು ಹಾಕಿಕೊಂಡಳು. ಒಲೆಗೆ ಹಾಕಬೇಕೆಂದೇ ತಂದಿದ್ದಳು. ಆದರೂ ಒಮ್ಮೆ ನೋಡೋಣವೆಂದು ಸುರುಳಿ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದಳು. ಉಗುರಿನಷ್ಟಗಲದ ಚಿತ್ರಗಳು, ಒಂದರ ಕೆಳಗೊಂದು, ನೂರಾರು. ಸೂಜಿಗೆ ದಾರ ಪೋಣಿಸಿ ಪಳಗಿದ ಕಣ್ಣು ಅವಳದು. ಒಂದೊಂದೇ ನೋಡುತ್ತ ಬಂದಳು. ಹೊಗೆ. ಹೊಗೆಯಲ್ಲಿ ಕೊಂಬು. ಕುತ್ತಿಗೆಗೆ ಹೋದ ಬಲಗೈ. ಅಲ್ಲಿಂದ ಎರಡೂ ಕೈ ನಿಧಾನವಾಗಿ ಮೇಲಕ್ಕೆ ಹೊರಟವು. ಭುಜ, ಕಿವಿ. ಇನ್ನೊಂದು ಗೇಣು ಏರಿದ್ದರೆ ತಲೆಯ ಮೇಲೆ. ಅಲ್ಲಿ ನಿಂತವು. ಹತ್ತು ಹನ್ನೆರಡು ಚಿತ್ರಗಳಲ್ಲಿ ಅಲ್ಲೇ ನಿಂತಿದ್ದವು. ಆಮೇಲೆ ಕೆಳಗಿಳಿದವು. ಸೋತು ಬಿದ್ದ ಕೈಗಳಲ್ಲ ಅವು. ನಿಧಾನವಾಗಿ, ತಾನಾಗಿ ಇಳಿಸಿದ ಕೈಗಳು.

ಅವಳು ಮತ್ತೆ ಮೊದಲಿನಿಂದ ನೋಡಿದಳು. ಮತ್ತೊಮ್ಮೆ ನೋಡಿದಳು. ಒಲೆ ಹಚ್ಚಲಿಲ್ಲ.

ಆ ರಾತ್ರಿ ಒಂಬತ್ತರ ಹೊತ್ತಿಗೆ ಏಕಾಂತಯ್ಯ ಬಂದ. ಬಾಗಿಲಲ್ಲಿ ಬಗ್ಗುವುದು ಮರೆತು ಹಣೆ ತಾಗಿಸಿಕೊಂಡ. ಏದುಸಿರು ಬಿಡುತ್ತಿದ್ದ.

"ಎಲ್ಲಿದೆ ಅದು?" ಎಂದ.

"ಯಾವುದು?"

"ಮುನಿಯಣ್ಣ ಹೇಳಿದ್ರು. ನೀನು ಕಟ್ ಮಾಡ್ಸಿದೀಯಂತೆ."

"ನೀನು ಟೆಂಟಿಗೆ ಹೋಗಿದ್ಯಾ?"

"ದಿನಾ ಹೋಗ್ತೀನಿ."

ಕಾರ್ಖಾನೆಯಲ್ಲಿ ತಡವಾದ ಸಂಜೆಗಳೆಲ್ಲ ಎಲ್ಲಿ ಕಳೆದವೆಂದು ಅವಳಿಗೆ ಆಗ ತಿಳಿಯಿತು. ಹದಿನಾರು ದಿನ, ಗಂಡಸರ ಬೆಂಚಿನಲ್ಲಿ.

"ಆ ಜಾಗ ಬಂದಾಗ ಇವತ್ತು ಕಟ್ ಅಂತ ಹಾರ್ಬಿಡ್ತು ಅಕ್ಕ. ಹೊಗೆ ಬಂತು, ಆಮೇಲೆ ನೇರ ಮದುವೆ ಚಪ್ಪರ. ಜನಕ್ಕೆ ಏನೂ ಅರ್ಥ ಆಗ್ಲಿಲ್ಲ. ಯಾರೂ ನಗ್ಲಿಲ್ಲ." ಅವನ ಒಣ ಗಂಟಲು ಅಲ್ಲಿಗೆ ನಿಂತಿತು. ಉಸಿರೆಳೆದುಕೊಂಡು ಹೇಳಿದ: "ಯಾರನ್ನ ಕೇಳಿ ತೆಗ್ಸಿದೆ?"

ಅವನು ಅಕ್ಕನ ಮೇಲೆ ದನಿಯೆತ್ತಿದ್ದು ಅದೇ ಮೊದಲು. ದನಿಯೇ ಇರಲಿಲ್ಲ, ಆದರೂ ಎತ್ತಿದ್ದ.

"ವೆಂಕಟಗಿರಿ ಆಣೆ ಹಾಕಿದ್ದ ಕಣೋ, ಅದನ್ನ ಸೇರ್ಸಲ್ಲ ಅಂತ! ಮಕ್ಕಳ ಮೇಲೆ ಆಣೆ ಹಾಕಿದ್ದ!"

"ನಾನೇ ಹೇಳ್ದೆ, ಸೇರ್ಸಿ ಅಂತ. ಅವರು ಬೇಡ ಅಂದ್ರು. ನಾನೇ ಎರಡು ಕಾಗದ ಬರ್ದೆ."

ಗಿರಿಜಾದೇವಿ ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನಲ್ಲಿ ಕೂತಳು. ಮಡಿಲಲ್ಲಿ ಸುರುಳಿ ಇತ್ತು. ಅದನ್ನು ನೋಡುತ್ತಲೇ ಕೇಳಿದಳು:

"ಕೈ ಎತ್ತೋನು ಯಾಕೆ ಇಳಿಸ್ದೆ?"

 ಅವಳು ಸುರುಳಿ ಬಿಚ್ಚಿ, ಆ ಚಿತ್ರಗಳಿದ್ದ ಜಾಗ ಬೆರಳಲ್ಲಿ ಹಿಡಿದು ತೋರಿಸಿದಳು. ಅವನು ಬಲ್ಬಿನ ಕೆಳಗೆ ನಿಂತು ನೋಡಿದ.

"ಫಿಲಂ ಅಷ್ಟೇ ಉಳಿದಿತ್ತು ಅಕ್ಕ. ಇನ್ನೊಂದು ಟೇಕ್‌ಗೆ ಇರ್ಲಿಲ್ಲ. ಬೆಳಿಗ್ಗೆನೇ ಹೇಳಿದ್ರು."

"ಅದಕ್ಕೆ?"

"ಹೊರಗೆ ನಗು ಕೇಳಿಸ್ತಾ ಇತ್ತು." ಅವನು ನೆಲದ ಮೇಲೆ ಕಾಲು ಚಾಚಿ ಗೋಡೆಗೊರಗಿ ಕೂತ. "ಕಣ್ಣು ಉರೀತಿತ್ತು, ಏನೂ ಕಾಣ್ತಿರ್ಲಿಲ್ಲ. ಎಲ್ರೂ ನಗೋದು ಮಾತ್ರ ಕೇಳಿಸ್ತಿತ್ತು. ಚೆನ್ನಾಗಿ ಬರ್ತಿದೆ ಅಂತ ಗೊತ್ತಾಯ್ತು. ಇನ್ನೊಂದು ಸ್ವಲ್ಪ ತಡ್ಕೋಬೋದು ಅನ್ನಿಸ್ತು. ತಡ್ಕೊಂಡೆ."

"ಸತ್ತೋಗಿದ್ರೆ?"

"ಅಷ್ಟೊಂದು ಯೋಚನೆ ಮಾಡ್ಲಿಲ್ಲ."

"ನಾನು ಎರಡು ಸುತ್ತು ಹೊಲ್ದಿದ್ದೆ ಕಣೋ" ಎಂದಳು ಗಿರಿಜಾದೇವಿ. ಒಂಬತ್ತು ತಿಂಗಳು ಒಳಗಿಟ್ಟುಕೊಂಡಿದ್ದ ಮಾತು. "ಕತ್ತರಿ ನನ್ನ ಚೀಲದಲ್ಲಿತ್ತು. ಬಸ್ಸಲ್ಲೇ ನೋಡ್ದೆ. ಇಳೀಬೋದಾಗಿತ್ತು. ಇಳೀಲಿಲ್ಲ."

"ಗೊತ್ತು. ಕತ್ತರಿ ನಿನ್ನ ಹತ್ರ ಇರ್ದೆ ಇನ್ನೆಲ್ಲಿರತ್ತೆ?" ಅವನು ಅದನ್ನು ಕ್ಷಮಿಸುವವನ ಹಾಗೆ ಹೇಳಲಿಲ್ಲ, ದೂರುವವನ ಹಾಗೂ ಹೇಳಲಿಲ್ಲ. "ನೀನು ಅದನ್ನೇ ನೋಡ್ತೀಯ ಅಲ್ಲಿ. ನನಗೆ ಅದು ಕಾಣಲ್ಲ ಅಕ್ಕ. ಹುಟ್ಟಿದಾಗಿನಿಂದ ಜನ ನನ್ನ ನೋಡಿ ನಕ್ಕಿದಾರೆ. ನಾನು ನಗಿಸಿದ್ದು ಅಂತ ಇರೋದು ಅದೊಂದೇ. ಅದನ್ನೂ ನೀನು ತೊಗೊಂಡ್ಬಿಟ್ರೆ ಹೆಂಗೆ?"

ಆ ದಿನ ಇಬ್ಬರೂ ಸರಿಯಾಗಿ ಊಟ ಮಾಡಲಿಲ್ಲ. ಗಿರಿಜಾದೇವಿಗೆ ತಮ್ಮನ ಮಾತು ಸಮಾಧಾನ ಕೊಡಲಿಲ್ಲ. ಅವಳನ್ನು ಅದು ಇನ್ನೊಂದು ರೀತಿಯಲ್ಲಿ ಹೆದರಿಸಿತು. ಒಂಬತ್ತು ತಿಂಗಳು ತನ್ನ ತಪ್ಪು, ವೆಂಕಟಗಿರಿಯ ತಪ್ಪು, ಗಾಳಿಯ ತಪ್ಪು ಎಂದು ಲೆಕ್ಕ ಹಾಕಿಕೊಂಡಿದ್ದಳು. ತಮ್ಮನು ತನ್ನ ಉಸಿರಿಗಿಂತ ಆ ನಗು ದೊಡ್ಡದೆಂದು ಎಣಿಸಿದ್ದನೆಂಬುದು ಆ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ. ಹದಿನಾಲ್ಕು ವರ್ಷ ಒಂದೇ ಸೂರಿನಡಿ ಇದ್ದೂ ಅವನಿಗೆ ಅಷ್ಟು ಹಸಿವಿತ್ತೆಂದು ತನಗೆ ತಿಳಿಯಲಿಲ್ಲವಲ್ಲ ಎಂದುಕೊಂಡಳು.

ಬೆಳಿಗ್ಗೆ ಸುರುಳಿಯನ್ನು ಅದೇ ಪೇಪರಿನಲ್ಲಿ ಸುತ್ತಿ ಮುನಿಯಣ್ಣನ ಹತ್ತಿರ ಹೋದಳು.

"ಇದನ್ನ ವಾಪಸ್ ಸೇರ್ಸಕ್ಕಾಗತ್ತಾ ಅಣ್ಣ?"

ಮುನಿಯಣ್ಣ ಅವಳನ್ನೂ ಸುರುಳಿಯನ್ನೂ ನೋಡಿದ. "ಆಗತ್ತೆ ತಾಯಿ. ಅಂಟು ಹಾಕಿ ಸೇರಿಸ್ತಾರೆ. ಆದ್ರೆ ನೀವೇ..."

"ಅವನಿಗೆ ಬೇಕಂತೆ."

ಮುನಿಯಣ್ಣ ಸುರುಳಿ ತೆಗೆದುಕೊಂಡ. ಆದರೆ ಆವತ್ತಿನಿಂದ ಅವನು ಮಾತ್ರ ಆ ಹೊತ್ತಿಗೆ ಒಳಗೆ ಹೋಗಲಿಲ್ಲವೆಂದು ಆಮೇಲೆ ಶಿವಕ್ಕನಿಂದ ತಿಳಿಯಿತು.

ಶನಿವಾರ ಅಕ್ಕ ತಮ್ಮ ಇಬ್ಬರೂ ಹೋದರು. ಮುನಿಯಣ್ಣ ಹಿಂದುಗಡೆ ಎರಡು ಕುರ್ಚಿ ಹಾಕಿಸಿದ. ಹೊಗೆ ಬಂದಾಗ ಗಿರಿಜಾದೇವಿ ಪರದೆ ನೋಡಲಿಲ್ಲ, ಪಕ್ಕದಲ್ಲಿದ್ದವನನ್ನು ನೋಡಿದಳು. ಟೆಂಟು ನಗುತ್ತಿತ್ತು. ಮುಂದೆ ಕೂತಿದ್ದವನೊಬ್ಬ ನಕ್ಕು ನಕ್ಕು ಬೆಂಚಿನಿಂದ ಜಾರಿದ. ಏಕಾಂತಯ್ಯ ನಗುತ್ತಿರಲಿಲ್ಲ. ಕೈ ಮಡಿಲಲ್ಲಿಟ್ಟುಕೊಂಡು, ಕುತ್ತಿಗೆ ನೆಟ್ಟಗೆ ಮಾಡಿಕೊಂಡು, ನಗುವವರ ತಲೆಗಳನ್ನು ಒಂದೊಂದಾಗಿ ನೋಡುತ್ತಿದ್ದ. ಪರದೆಯ ಬೆಳಕಿನಲ್ಲಿ ಅವನ ಮುಖ ಎಷ್ಟು ತೃಪ್ತವಾಗಿತ್ತೆಂದರೆ, ಅವಳಿಗೆ ಅವನ ತೋಳು ಹಿಡಿದು ಹೊರಗೆಳೆದುಕೊಂಡು ಹೋಗಬೇಕೆನ್ನಿಸಿತು. ಹಿಡಿದಳು. ಎಳೆಯಲಿಲ್ಲ.

ಆಟ ಮುಗಿದು ಮನೆಯ ಕಡೆ ನಡೆಯುವಾಗ ಅವನು ನಾಲ್ಕು ಕಡೆ ನಿಂತ. ಅವನು ನಿಂತಾಗ ಅವಳೂ ನಿಂತಳು. ಕೊನೆಯ ತಿರುವಿನಲ್ಲಿ ಉಸಿರು ಹಿಡಿತಕ್ಕೆ ಬಂದ ಮೇಲೆ ಹೇಳಿದ:

"ವೆಂಕಟಗಿರಿ ಸಾರ್ ಇನ್ನೊಂದು ಮಾಡ್ತಾರಂತೆ. ಕೆರೆಯೊಳಗಿನ ಭೂತ. ನನ್ನನ್ನೇ ಹಾಕ್ಕೋತೀನಿ ಅಂತ ಬರ್ದಿದಾರೆ."

"ಈ ಎದೆ ಇಟ್ಕೊಂಡು ಕೆರೆಗಿಳೀತೀಯಾ?"

"ಮೊಣಕಾಲುದ್ದ ನೀರಂತೆ. ಹೊಲೀತೀಯಾ ಅಕ್ಕ?"

"ಹೊಲಿಯಲ್ಲ."

"ಬೇರೆ ಯಾರಾದ್ರೂ ಹೊಲೀತಾರೆ" ಎಂದ ಅವನು. ಕೋಪದಿಂದಲ್ಲ, ಇದ್ದುದನ್ನು ಹೇಳುವವನ ಹಾಗೆ.  ಅಲ್ಲಿಂದ ಮನೆಯವರೆಗೆ ಅವಳು ಅವನಿಗಿಂತ ಒಂದು ಹೆಜ್ಜೆ ಮುಂದೆ ನಡೆದಳು.

ಆ ಚಿತ್ರ ಆಗಲೇ ಇಲ್ಲ. ವೆಂಕಟಗಿರಿ ಮದ್ರಾಸಿಗೆ ಹೋದನೆಂದು ಕೇಳಿಬಂತು. ಏಕಾಂತಯ್ಯ ಮೂರು ಕಾಗದ ಬರೆದ. ಎರಡಕ್ಕೆ ಉತ್ತರವಿಲ್ಲ. ಮೂರನೆಯದು ಆಷಾಢದಲ್ಲಿ ವಾಪಸು ಬಂತು, ವಿಳಾಸದ ಮೇಲೆ ಅಂಚೆಯವರು ಗೀಟು ಹಾಕಿದ್ದರು. ಅಂಚೆಯವನ ಕೈಯಿಂದ ಅದನ್ನು ತೆಗೆದುಕೊಂಡಾಗ ಗಿರಿಜಾದೇವಿಯ ಎದೆಯಲ್ಲಿ ತಟ್ಟನೆ ಒಂದು ಸಂತೋಷ ಹುಟ್ಟಿತು. ಅದು ಎಂಥ ಸಂತೋಷವೆಂದು ಅವಳಿಗೆ ಗೊತ್ತಿತ್ತು, ನಾಚಿಕೆಯೂ ಆಯಿತು. ಆದರೂ ಅದು ಹೋಗಲಿಲ್ಲ. ಬಚ್ಚಿಡಬೇಕೆಂದುಕೊಂಡಳು. ಬಚ್ಚಿಡಲಿಲ್ಲ. ಸಂಜೆ ತಮ್ಮ ಬಂದಾಗ ಕೊಟ್ಟಳು.

ಅವನು ಲಕೋಟೆಯನ್ನು ಎರಡೂ ಕಡೆ ತಿರುಗಿಸಿ ನೋಡಿದ.

"ಮನೆ ಬದಲಾಯಿಸಿರ್ಬೇಕು" ಎಂದ.

"ಇರಬೋದು" ಎಂದಳು ಅವಳು.

ಅವನು ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಕೈಕಾಲು ತೊಳೆಯಲು ಬಚ್ಚಲಿಗೆ ಹೋದ. ಅವಳು ತಟ್ಟೆ ಹಾಕಿ, ಬಿಸಿ ಅನ್ನ ಬಡಿಸಿ, ಒಳಗೆ ಅವನು ಕೆಮ್ಮುವುದು ನಿಲ್ಲಲೆಂದು ಕಾಯುತ್ತ ಕೂತಳು.